ಪೀಚ್ ಮರ ಕೈಗೆಟುಕಬೇಕಾದರೆ ಕತ್ತರಿ ಹಾಕಲೇಬೇಕು

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಎರಡು ವರ್ಷದ ಹಿಂದೆ ತೆಗೆದುಕೊಂಡ ಮನೆಯ ಹಿತ್ತಲಲ್ಲಿ ಒಂದು ಪೀಚ್ ಮರ ಇದೆ. 18 ಅಡಿ ಎತ್ತರ ಇರಬಹುದು. ಹಣ್ಣೆಲ್ಲ ತುದಿಯಲ್ಲಿ, ಕೆಳಗಿನ ಕೊಂಬೆಗಳು ಬೋಳು. ಅರ್ಧ ಹಣ್ಣು ಅಳಿಲಿನ ಪಾಲು, ಇನ್ನರ್ಧ ಬಿದ್ದು ಹಾಳು. ಕೈಗೆ ಸಿಕ್ಕಿದ್ದೂ ನಿಂಬೆಹಣ್ಣಿನ ಗಾತ್ರದ್ದೇ. ಮಾರ್ಚ್ ಬಂದರೆ ಎಲೆಗಳು ಕೆಂಪಾಗಿ, ದಪ್ಪಗಾಗಿ ಮುದುಡಿಕೊಳ್ಳುತ್ತವೆ. ಕತ್ತರಿಸೋಣ ಅಂದರೆ ಇರುವ ಹಣ್ಣೂ ಹೋದೀತು ಅನ್ನುವ ಭಯ. ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ ಇದೆ. ಅಪ್ಪ ಗಿಡಗಸಿ (ಕಾಫಿ ಗಿಡ ಸವರುವ ಕೆಲಸ) ಮಾಡಿಸುವುದನ್ನು ನೋಡಿ ಬೆಳೆದಿದ್ದೇನೆ. ಆದರೆ ಈ ಮರಕ್ಕೆ ಎಲ್ಲಿ ಕತ್ತರಿ ಹಾಕಬೇಕೋ ಗೊತ್ತಾಗುತ್ತಿಲ್ಲ. ಪಕ್ಕದಲ್ಲಿ ಚಿಕ್ಕ ಜಾತಿಯದು ಇನ್ನೊಂದು ನೆಡುವ ಆಸೆಯೂ ಇದೆ. ಬೆಂಗಳೂರಿನಲ್ಲಿರುವ ಅಕ್ಕ ತನಗೂ ಒಂದು ಗಿಡ ಬೇಕು ಅನ್ನುತ್ತಿದ್ದಾಳೆ. ಅಲ್ಲಿ ಪೀಚ್ ಬರುತ್ತಾ?

ಉತ್ತರ: ಮಾವು, ಹಲಸು ನೋಡಿ ಬೆಳೆದವರಿಗೆ ಈ ಭಯ ಸಹಜ. ನಮ್ಮ ಕಡೆ ಹಣ್ಣಿನ ಮರಕ್ಕೆ ಕೊಡಲಿ ಮುಟ್ಟಿಸುವುದು ಅಂದರೆ ಮನೆಯವರಿಗೆಲ್ಲ ಸಂಕಟ. ಆದರೆ ಪೀಚ್ ಹಾಗಲ್ಲ. ಕತ್ತರಿಸದೆ ಬಿಟ್ಟಿದ್ದರಿಂದಲೇ ನಿಮ್ಮ ಮರ ಹೀಗಾಗಿದೆ. ಎತ್ತರ, ಬೋಳು ಕೊಂಬೆ, ಸಣ್ಣ ಹಣ್ಣು, ಮುದುಡಿದ ಎಲೆ ಅಂತ ನೀವು ನಾಲ್ಕು ತೊಂದರೆ ಬರೆದಿದ್ದೀರಿ. ಮೊದಲ ಮೂರಕ್ಕೆ ಕತ್ತರಿಯೇ ಮದ್ದು. ನಾಲ್ಕನೆಯದಕ್ಕೂ ಮರ ಗಿಡ್ಡವಾಗದೆ ದಾರಿಯಿಲ್ಲ.

ಕಾರಣ ಇಷ್ಟೇ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯ ಮೇಲೆ. ಒಮ್ಮೆ ಹಣ್ಣು ಬಿಟ್ಟ ಜಾಗದಲ್ಲಿ ಮತ್ತೆ ಬಿಡುವುದಿಲ್ಲ. ಸೇಬು, ಪಿಯರ್ ಮರಗಳಲ್ಲಿ ಒಂದೇ ಗಿಣ್ಣು ವರ್ಷಗಟ್ಟಲೆ ಹಣ್ಣು ಕೊಡುತ್ತಿರುತ್ತದೆ. ಪೀಚ್‌ಗೆ ಪ್ರತಿ ವರ್ಷ ಹೊಸ ಕಡ್ಡಿ ಬೇಕು. ನಾವು ಸುಮ್ನೆ ಬಿಟ್ಟರೆ ಆ ಹೊಸ ಕಡ್ಡಿ ತುದಿಯಲ್ಲೇ ಬರುತ್ತದೆ, ಏಕೆಂದರೆ ಬಿಸಿಲು ಇರುವುದು ಅಲ್ಲಿ. ಹಾಗಾಗಿ ಹಣ್ಣು ವರ್ಷಕ್ಕೆ ಎರಡು ಮೂರು ಅಡಿ ಮೇಲೆ ಹತ್ತುತ್ತಾ ಹೋಗುತ್ತದೆ. ಕೆಳಗೆ ನೆರಳಾಗಿ ಸಣ್ಣ ಕಡ್ಡಿಗಳು ಒಣಗುತ್ತವೆ. ಕೆಲವು ವರ್ಷ ಕಳೆದರೆ ನಿಮ್ಮ ಹಿತ್ತಲಲ್ಲಿ ಈಗ ಇರುವಂಥ ಮರ.

ನಿಮ್ಮ ಅಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಇರುವುದಿಲ್ಲ. ಅರೇಬಿಕಾ ಕಾಫಿಯಲ್ಲೂ ಕಾಯಿ ಕಚ್ಚುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯ, ಅಂದರೆ ಪಕ್ಕದ ಕೊಂಬೆಯ ಭಾಗದಲ್ಲಿ, ಅಲ್ವಾ? ಹಳೇ ರೆಕ್ಕೆ ತೆಗೆದು, ನೆಟ್ಟಗೆ ಏಳುವ ಕಂಬಚಿಗುರು ಮುರಿದು, ಗಿಡದ ನೆತ್ತಿ ಕತ್ತರಿಸಿ ಆಳಿನ ಎತ್ತರಕ್ಕೆ ನಿಲ್ಲಿಸುವುದು ಮುಂದಿನ ವರ್ಷದ ಫಸಲಿಗಾಗಿ. ಆ ಲೆಕ್ಕ ಇಲ್ಲಿಗೂ ಹೊಂದುತ್ತದೆ. ಗಿಡ ಬೇರೆ, ಹವೆ ಬೇರೆ, ಅಷ್ಟೇ.

ಈಗ ಡಿಸೆಂಬರ್. ಎಲೆ ಉದುರಿ ಮರ ಬೋಳಾಗಿರುತ್ತದೆ. ಕತ್ತರಿ ಮನೆಯಲ್ಲೇ ಬಿಟ್ಟು ಒಮ್ಮೆ ಮರದ ಹತ್ತಿರ ಹೋಗಿ. ಹಿಂದಿನ ಬೇಸಿಗೆಯಲ್ಲಿ ಬಂದ ಕಡ್ಡಿ ನುಣುಪಾಗಿ, ಬಿಸಿಲು ಬಿದ್ದ ಕಡೆ ಕೆಂಪು, ಇನ್ನೊಂದು ಕಡೆ ಹಸಿರು ಇರುತ್ತದೆ. ಅದಕ್ಕಿಂತ ಹಳೆಯದು ಬೂದು ಬಣ್ಣ, ತೊಗಟೆ ಒರಟು. ಕೆಂಪು ಕಡ್ಡಿಯೊಂದನ್ನು ಹಿಡಿದು ಮೊಗ್ಗುಗಳನ್ನು ಹತ್ತಿರದಿಂದ ನೋಡಿ. ಎಷ್ಟೋ ಗಿಣ್ಣುಗಳಲ್ಲಿ ಮೂರು ಮೊಗ್ಗು ಒಟ್ಟಿಗೆ ಕೂತಿರುತ್ತವೆ. ನಡುವಿನದು ಚೂಪು, ಸಣ್ಣದು. ಅದು ಎಲೆ ಮೊಗ್ಗು. ಎರಡೂ ಪಕ್ಕದವು ದುಂಡಗೆ, ಮೇಲೆ ಸಣ್ಣ ನವಿರು. ಅವು ಹೂಮೊಗ್ಗು. ಇದನ್ನು ಒಮ್ಮೆ ಗುರುತಿಸಿದರೆ ಅರ್ಧ ಕೆಲಸ ಕಲಿತಂತೆ. ಯಾವ ಕಡ್ಡಿ ಬಿಡಬೇಕು, ಯಾವುದು ತೆಗೆಯಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ಪೆನ್ಸಿಲ್ ದಪ್ಪದ, ಒಂದರಿಂದ ಎರಡು ಅಡಿ ಉದ್ದದ, ಇಂಥ ಮೊಗ್ಗು ತುಂಬಿದ ಕಡ್ಡಿಯೇ ನಿಮಗೆ ಹಣ್ಣು ಕೊಡುವುದು.

ನೋಡುತ್ತಿರುವಾಗಲೇ ಬುಡವನ್ನೂ ಪರೀಕ್ಷಿಸಿ. ಕಾಂಡದ ಸುತ್ತ ಎರಡು ಮೂರು ಇಂಚು ಮಣ್ಣು ಸರಿಸಿ. ಅಲ್ಲಿ ಅಂಟು ಒಸರಿ, ಅದರೊಳಗೆ ಗರಗಸದ ಹೊಟ್ಟಿನಂಥ ಪುಡಿ ಸೇರಿಕೊಂಡಿದ್ದರೆ ಕಾಂಡ ಕೊರೆಯುವ ಹುಳ ಹೊಕ್ಕಿದೆ ಎಂದು ತಿಳಿಯಿರಿ. ಮೇಲಿನ ಕೊಂಬೆಯಲ್ಲಿ ಅಲ್ಲಲ್ಲಿ ಪುಡಿ ಇಲ್ಲದ ತಿಳಿ ಅಂಟು ಕಂಡರೆ ಅಷ್ಟು ಗಾಬರಿ ಬೇಡ. ಗಾಯಕ್ಕೆ, ನೀರಿನ ಏರುಪೇರಿಗೆ ಪೀಚ್ ಹಾಗೆ ಅಂಟು ಸುರಿಸುತ್ತದೆ. ಬುಡದ ತೊಗಟೆ ಅರ್ಧ ಸುತ್ತಿಗಿಂತ ಜಾಸ್ತಿ ಸತ್ತಿದ್ದರೆ ಆ ಮರದ ಮೇಲೆ ಮೂರು ವರ್ಷದ ಶ್ರಮ ಹಾಕಬೇಡಿ. ಪೀಚ್ ದೀರ್ಘಾಯುಷಿ ಅಲ್ಲ. 15–20 ವರ್ಷ ಚೆನ್ನಾಗಿ ಫಲ ಕೊಟ್ಟರೆ ಅದೇ ದೊಡ್ಡದು. ತೆಗೆದು ಹೊಸದು ನೆಡಿ, ಆದರೆ ಅದೇ ಗುಂಡಿಯಲ್ಲಿ ಬೇಡ. ಹಳೇ ಪೀಚ್ ಇದ್ದ ಮಣ್ಣಿನಲ್ಲಿ ಹೊಸ ಪೀಚ್ ಏಳುವುದು ಕಷ್ಟ. ಹತ್ತು ಹದಿನೈದು ಅಡಿ ದೂರ ಹೋಗಿ.

ಬುಡ ಗಟ್ಟಿಯಾಗಿದೆ ಅಂದುಕೊಂಡು ಮುಂದೆ ಹೇಳುತ್ತೇನೆ.

ಮೊದಲು ಎತ್ತರ ನಿರ್ಧಾರ ಮಾಡಿ. ನೆಲದ ಮೇಲೆ ನಿಂತು ಕೈ ಎತ್ತಿ. ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೋ ಅದೇ ನಿಮ್ಮ ಮರದ ಎತ್ತರ. ಹೆಚ್ಚಿನವರಿಗೆ ಅದು ಏಳರಿಂದ ಎಂಟು ಅಡಿ. ಮನೆ ಬಳಕೆಗೆ ಅದಕ್ಕಿಂತ ದೊಡ್ಡ ಪೀಚ್ ಮರ ಬೇಕಾಗಿಯೇ ಇಲ್ಲ. ಅಷ್ಟು ಗಾತ್ರದ ಮರ ಕೊಡುವ ಹಣ್ಣನ್ನೇ ನಿಮ್ಮ ಮನೆಯವರು ತಿಂದು, ನೆರೆಹೊರೆಗೆ ಹಂಚಿ ಮುಗಿಸಬೇಕು. ಪೀಚ್ ಮಾಗುವುದು ಒಂದೆರಡು ವಾರದಲ್ಲಿ, ಒಟ್ಟಿಗೆ.

ಆದರೆ 18 ಅಡಿ ಮರವನ್ನು ಒಂದೇ ಸಲಕ್ಕೆ ಎಂಟಕ್ಕೆ ಇಳಿಸಬಾರದು. ಪೀಚ್‌ನ ಹಳೇ ಬೂದು ಕೊಂಬೆಯಿಂದ ಚಿಗುರು ಸುಲಭವಾಗಿ ಒಡೆಯುವುದಿಲ್ಲ. ಬೋಳು ಕೊಂಬೆಯನ್ನು ನಡುವೆ ತುಂಡರಿಸಿದರೆ ಆ ಮೋಟು ಹಾಗೆಯೇ ಒಣಗಿ ಹೋಗಬಹುದು. ಆದ್ದರಿಂದ ಮೂರು ವರ್ಷದ ಕೆಲಸ ಇದು. ಮೊದಲ ವರ್ಷ 13 ಅಡಿ, ಎರಡನೇ ವರ್ಷ 10, ಮೂರನೇ ವರ್ಷ 8 ಅಂತ ಇಟ್ಟುಕೊಳ್ಳಿ. ಪ್ರತಿ ಸಲ ಕತ್ತರಿಸುವಾಗಲೂ ಹೊರಗೆ ಮುಖ ಮಾಡಿದ ಒಂದು ಜೀವಂತ ಪಕ್ಕದ ಕೊಂಬೆ ಹುಡುಕಿ, ಅದರ ಮೇಲ್ಗಡೆ ಗರಗಸ ಹಾಕಿ. ಆ ಪಕ್ಕದ ಕೊಂಬೆ ಇನ್ನು ಮುಂದೆ ತುದಿಯಾಗುತ್ತದೆ. ಮೇಲಿನ ನೆರಳು ಹೋದರೆ ಕೆಳಗೆ ಬಿಸಿಲು ಬಿದ್ದು, ಅಲ್ಲಿರುವ ಸಣ್ಣಪುಟ್ಟ ಕಡ್ಡಿಗಳು ಚಿಗುರುತ್ತವೆ. ಮುಂದಿನ ವರ್ಷ ಇಳಿಸುವಾಗ ನಿಮಗೆ ಆಸರೆ ಆಗುವುದು ಅವೇ. ಬುಡದ ಹತ್ತಿರದ ಕಡ್ಡಿ ಎಷ್ಟೇ ಬಡಕಲಾಗಿದ್ದರೂ ಮೊದಲ ವರ್ಷ ಅದನ್ನು ಕೀಳಬೇಡಿ. ಕಸಿ ಮಾಡಿದ ಗಂಟಿನಿಂದ ಕೆಳಗೆ ಬಂದದ್ದಾದರೆ ಮಾತ್ರ ತೆಗೆಯಿರಿ, ಅದು ಬೇರುಗಿಡದ, ಅಂದರೆ ಕಸಿಗೆ ಆಧಾರವಾದ ಕೆಳಗಿನ ಗಿಡದ ಚಿಗುರು.

ಕತ್ತರಿಸಿದ ಮೇಲೆ ಒಂದು ಕೆಲಸ ಮರೆಯಬಾರದು. ಇಷ್ಟು ದಿನ ನೆರಳಲ್ಲಿದ್ದ ದಪ್ಪ ಕೊಂಬೆಯ ಮೇಲೆ ಏಕಾಏಕಿ ಕ್ಯಾಲಿಫೋರ್ನಿಯಾದ ಬಿಸಿಲು ಬಿದ್ದರೆ ತೊಗಟೆ ಸುಟ್ಟು ಸೀಳುತ್ತದೆ. ಆ ಸೀಳಿನಲ್ಲಿ ಹುಳ ಮೊಟ್ಟೆ ಇಡುತ್ತದೆ. ಗೋಡೆಗೆ ಬಳಿಯುವ ಬಿಳಿ ಲೇಟೆಕ್ಸ್ ಪೇಂಟನ್ನು ಅಷ್ಟೇ ನೀರಿನಲ್ಲಿ ತೆಳು ಮಾಡಿ, ಬಿಸಿಲಿಗೆ ಬಿದ್ದ ಕೊಂಬೆ ಮತ್ತು ಕಾಂಡಕ್ಕೆ ಬಳಿಯಿರಿ. ಎಣ್ಣೆ ಪೇಂಟ್ ಬೇಡ. ಕತ್ತರಿಸಿದ ಗಾಯದ ಬಾಯಿಗೆ ಯಾವ ಲೇಪನವೂ ಬೇಡ, ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಇನ್ನು ಯಾವಾಗ ಅನ್ನುವ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿ. ಚಳಿಗಾಲದಲ್ಲಿ ಮರದ ಆಹಾರವೆಲ್ಲ ಬೇರು, ಕಾಂಡದಲ್ಲಿ ಕೂಡಿಟ್ಟಿರುತ್ತದೆ. ಆಗ ಕೊಂಬೆ ಕತ್ತರಿಸಿದರೆ ಬೇರಿನ ಶಕ್ತಿ ಹಾಗೇ ಇರುತ್ತದೆ, ಉಣ್ಣುವ ಮೊಗ್ಗು ಕಡಿಮೆಯಾಗಿರುತ್ತವೆ. ಮಾರ್ಚ್ ಬಂತೆಂದರೆ ಉಳಿದ ಮೊಗ್ಗುಗಳು ರಭಸದಿಂದ ನುಗ್ಗುತ್ತವೆ. ಆರು ಅಡಿ ಉದ್ದದ ನೆಟ್ಟನೆ ಚಿಗುರುಗಳು ಏಳುತ್ತವೆ. ಬೇಸಿಗೆಯಲ್ಲಿ ಕತ್ತರಿಸಿದರೆ ಬೇರೆ ಕಥೆ. ಆಹಾರ ತಯಾರಿಸುವ ಎಲೆಯನ್ನೇ ತೆಗೆದಂತಾಗಿ ಮರದ ಓಟ ತಗ್ಗುತ್ತದೆ. ಹಾಗಾಗಿ ನಾನು ಹೇಳುವುದು, ಚಿಗುರು ಬೇಕಾದಾಗ ಚಳಿಗಾಲದ ಕತ್ತರಿ, ಎತ್ತರ ತಡೆಯಬೇಕಾದಾಗ ಬೇಸಿಗೆಯ ಕತ್ತರಿ. ಚಳಿಗಾಲದಲ್ಲಿ ಮಾತ್ರ ಕತ್ತರಿಸುವವರ ಮರ ಒಂದೇ ಬೇಸಿಗೆಯಲ್ಲಿ ಮತ್ತೆ ಹಳೇ ಎತ್ತರಕ್ಕೆ ಏಳುವುದು ಇದೇ ಕಾರಣಕ್ಕೆ.

ನಿಮಗೆ ಈ ವರ್ಷ ಎರಡೂ ಬೇಕು. ಜನವರಿ ಕೊನೆಯಿಂದ ಫೆಬ್ರವರಿಯೊಳಗೆ, ಮಳೆ ಇಲ್ಲದ ನಾಲ್ಕೈದು ದಿನ ನೋಡಿಕೊಂಡು ಮೇಲಿನ ಭಾಗ ಇಳಿಸಿ. ಸತ್ತದ್ದು, ಒಂದಕ್ಕೊಂದು ಉಜ್ಜುವುದು, ನಡುವೆ ನೆಟ್ಟಗೆ ಎದ್ದದ್ದು ಎಲ್ಲ ತೆಗೆಯಿರಿ. ಮರದ ನಡು ತೆರೆದಿರಬೇಕು. ಕೆಳಗೆ ನಿಂತು ತಲೆ ಎತ್ತಿದರೆ ಆಕಾಶ ಕಾಣಬೇಕು. ಕೆಂಪು ಕಡ್ಡಿಗಳನ್ನೂ ವಿರಳ ಮಾಡಿ, ಹಿಂದಿನ ವರ್ಷದ ಬೆಳವಣಿಗೆಯಲ್ಲಿ ಸುಮಾರು ಅರ್ಧ ಹೋಗಬೇಕು. ನೆಲದ ಮೇಲೆ ಬಿದ್ದ ರಾಶಿ ನೋಡಿ ಎದೆ ಧಸಕ್ಕೆನ್ನುತ್ತದೆ. ಪೀಚ್‌ಗೆ ಅದು ಜಾಸ್ತಿ ಏನಲ್ಲ.

ಆಮೇಲೆ ಮೇ ಕೊನೆ ಅಥವಾ ಜೂನ್‌ನಲ್ಲಿ ಒಂದು ಸುತ್ತು. ನಿಮ್ಮ ಗುರಿಯ ಎತ್ತರ ದಾಟಿ ನೆಟ್ಟಗೆ ಹೋಗುತ್ತಿರುವ ಚಿಗುರನ್ನೆಲ್ಲ ಕತ್ತರಿಸಿ. ಎಳೆಯದಿದ್ದಾಗ ಕೈಯಲ್ಲೇ ಕಿತ್ತು ಬರುತ್ತದೆ, ಕಂಬಚಿಗುರು ಮುರಿಯುವ ಹಾಗೇ. ಹಣ್ಣು ಕುಯ್ದ ಮೇಲೆ ಜುಲೈ–ಆಗಸ್ಟ್‌ನಲ್ಲಿ ಇನ್ನೊಂದು ಸುತ್ತು. ಬಿಸಿಲ ಝಳ ಜೋರಿರುವ ವಾರದಲ್ಲಿ ಮಾತ್ರ ಕೈ ಹಾಕಬೇಡಿ, ಒಮ್ಮೆಗೇ ತುಂಬಾ ಎಲೆ ತೆಗೆಯಲೂಬೇಡಿ. ಮೂರನೇ ವರ್ಷದ ನಂತರ ಈ ಬೇಸಿಗೆ ಸುತ್ತುಗಳೇ ಮುಖ್ಯ ಕೆಲಸ. ಚಳಿಗಾಲದಲ್ಲಿ ಕಡ್ಡಿ ವಿರಳ ಮಾಡುವುದಷ್ಟೇ ಉಳಿಯುತ್ತದೆ.

ಹಣ್ಣು ನಿಂಬೆ ಗಾತ್ರದ್ದೇ ಅಂದಿರಲ್ಲ, ಅದಕ್ಕೆ ಕಾರಣ ಕಾಯಿ ಹೆಚ್ಚಾಗಿರುವುದು. ಪೀಚ್ ತಾನು ಸಾಕಲಾರದಷ್ಟು ಕಾಯಿ ಕಟ್ಟುತ್ತದೆ. ಒಂದು ಹಣ್ಣು ಚೆನ್ನಾಗಿ ಬೆಳೆಯಬೇಕಾದರೆ ಸುಮಾರು 30ರಿಂದ 40 ಎಲೆಯ ದುಡಿಮೆ ಬೇಕು. ಒಂದು ಗೇಣು ಕಡ್ಡಿಯಲ್ಲಿ ಎಂಟು ಕಾಯಿ ಇದ್ದರೆ ಎಲ್ಲದಕ್ಕೂ ಅರೆಹೊಟ್ಟೆ. ಏಪ್ರಿಲ್‌ನಲ್ಲಿ ಕಾಯಿ ಗೋಲಿಗಿಂತ ಸ್ವಲ್ಪ ದೊಡ್ಡದಾದಾಗ ಮರದ ಕೆಳಗೆ ನಿಂತು, ಆರು ಇಂಚಿಗೆ ಒಂದು ಕಾಯಿ ಉಳಿಸಿ ಬಾಕಿಯೆಲ್ಲ ಕಿತ್ತುಬಿಡಿ. ಜೋಡಿ ಕಾಯಿ, ಚುಕ್ಕೆ ಬಿದ್ದದ್ದು, ಅಳಿಲು ಹಲ್ಲು ಹಾಕಿದ್ದು ಮೊದಲು ಹೋಗಲಿ. ಕೈಯಲ್ಲಿ ಸ್ವಲ್ಪ ತಿರುವಿದರೆ ಕಳಚಿಕೊಳ್ಳುತ್ತದೆ, ಕಡ್ಡಿಗೆ ಗಾಯವಾಗುವುದಿಲ್ಲ. ಒಳಗಿನ ಓಟೆ ಗಟ್ಟಿಯಾಗುವ ಮೊದಲೇ ಈ ಕೆಲಸ ಮುಗಿಯಬೇಕು. ಆಮೇಲೆ ಕಿತ್ತರೆ ಕೊಂಬೆಯ ಭಾರ ಇಳಿದೀತು, ಉಳಿದ ಹಣ್ಣು ಅಷ್ಟಾಗಿ ದೊಡ್ಡದಾಗದು. ಹತ್ತರಲ್ಲಿ ಏಳೆಂಟು ಕಾಯಿ ನೆಲಕ್ಕೆ ಬೀಳಬಹುದು. ಅಮ್ಮ, ಅಜ್ಜಿ ಊರಿಂದ ಬಂದಿದ್ದರೆ ಅಯ್ಯೋ ಅನ್ನುತ್ತಾರೆ. ಜುಲೈನಲ್ಲಿ ಅಂಗೈ ತುಂಬುವ ಹಣ್ಣು ಅವರ ಕೈಗೆ ಕೊಡಿ. ಇಷ್ಟೆಲ್ಲ ಕಾಯಿಯನ್ನು ಏಣಿ ಹತ್ತಿ 18 ಅಡಿ ಮರದಲ್ಲಿ ಕೀಳಲು ಆಗುವುದಿಲ್ಲ. ಗಿಡ್ಡ ಮರ ಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣ ಇದೇ.

ಮುದುಡುವ ಎಲೆ ಶಿಲೀಂಧ್ರದ ರೋಗ. ಟ್ಯಾಫ್ರಿನಾ ಅನ್ನುವ ಬೂಷ್ಟು ತೊಗಟೆಯ ಮೇಲೆ, ಮೊಗ್ಗಿನ ಸಂದಿಯಲ್ಲಿ ಅಡಗಿದ್ದು, ಮೊಗ್ಗು ಉಬ್ಬುವ ಹೊತ್ತಿಗೆ ಬರುವ ತಂಪು ಮಳೆಯಲ್ಲಿ ಒಳಹೊಕ್ಕುತ್ತದೆ. ಎಲೆ ಕೆಂಪಾಗಿ ಕಂಡಾಗ ಕೈ ಮೀರಿರುತ್ತದೆ, ಆ ವರ್ಷ ಯಾವ ಔಷಧಿಯೂ ನಾಟದು. ಹೊಡೆಯಬೇಕಾದದ್ದು ಈಗ. ಎಲೆ ಪೂರ್ತಿ ಉದುರಿದ ಮೇಲೆ ಒಮ್ಮೆ ತಾಮ್ರದ ಔಷಧಿ, ಮಳೆ ಜಾಸ್ತಿ ಇರುವ ವರ್ಷವಾದರೆ ಜನವರಿ ಕೊನೆಯಿಂದ ಫೆಬ್ರವರಿ ಮೊದಲಲ್ಲಿ, ಮೊಗ್ಗು ಉಬ್ಬುವ ಮುಂಚೆ ಇನ್ನೊಮ್ಮೆ. ಪ್ರಮಾಣ ಡಬ್ಬಿಯ ಮೇಲೆ ಬರೆದಷ್ಟೇ. ಪ್ರತಿ ಕಡ್ಡಿಯೂ ನೆನೆದು ತೊಟ್ಟಿಕ್ಕಬೇಕು. ಒಂದು ತುದಿ ಬಿಟ್ಟರೆ ಆ ತುದಿಗೆ ರೋಗ ಬಂತು ಅಂತಲೇ. ತಾಮ್ರದ ಔಷಧಿ ನಿಮಗೇನೂ ಹೊಸತಲ್ಲ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಇವತ್ತಿಗೂ ಮಲೆನಾಡಿನಲ್ಲಿ ಮಳೆಗಾಲದ ಮುಂಚೆ ಅದನ್ನೇ ಹೊಡೆಯುತ್ತಾರೆ. ಪೀಚ್‌ನ ಈ ರೋಗಕ್ಕೂ ಅದೇ ದ್ರಾವಣ ಆಗುತ್ತದೆ, ಆದರೆ ಅಂದೇ ಕಲಸಿ ಅಂದೇ ಮುಗಿಸಬೇಕು. ಈ ಸಲ ತಪ್ಪಿಹೋಗಿ ಎಲೆ ಮುದುಡಿತು ಅಂದುಕೊಳ್ಳಿ. ಬೇಸಿಗೆ ಹೊತ್ತಿಗೆ ಆ ಎಲೆ ಉದುರಿ ಹೊಸದು ಬರುತ್ತದೆ. ಆ ವರ್ಷ ಕಾಯಿ ಇನ್ನೂ ಕಡಿಮೆ ಉಳಿಸಿ, ನೀರು ತಪ್ಪಿಸಬೇಡಿ.

ಗೊಬ್ಬರದ ಬಗ್ಗೆ ಒಂದೇ ಮಾತು. ಹೆಚ್ಚು ಕತ್ತರಿಸಿದ ವರ್ಷ ಸಾರಜನಕದ ಗೊಬ್ಬರ ಹಾಕಬೇಡಿ. ಈಗಾಗಲೇ ನುಗ್ಗುವ ಮರವನ್ನು ಇನ್ನಷ್ಟು ಉಬ್ಬಿಸಿದಂತಾಗುತ್ತದೆ. ಲಾನ್‌ಗೆ ಹಾಕಿದ ಗೊಬ್ಬರವೂ ಮರದ ಬೇರಿಗೆ ಸಿಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೊಸ ಗಿಡದ ವಿಷಯಕ್ಕೆ ಬರೋಣ. ನೀವಿರುವ ಸಾಂಟಾ ಕ್ಲಾರಾ ಕಣಿವೆ ಚಿಪ್ ಕಂಪನಿಗಳು ಬರುವ ಮೊದಲು ಪ್ರೂನ್, ಏಪ್ರಿಕಾಟ್ ತೋಟಗಳ ಊರಾಗಿತ್ತು. ಪೀಚ್‌ನಂಥ, ಒಳಗೆ ಗಟ್ಟಿ ಓಟೆ ಇರುವ ಹಣ್ಣಿಗೆ ಅಲ್ಲಿನ ಹವೆ ಒಗ್ಗುತ್ತದೆ. ಆದರೂ ತಳಿ ನೋಡಿಕೊಳ್ಳಬೇಕು. ಪೀಚ್‌ಗೆ ಚಳಿಗಾಲದಲ್ಲಿ ಇಂತಿಷ್ಟು ಗಂಟೆ ಏಳು ಡಿಗ್ರಿ ಸೆಲ್ಸಿಯಸ್ ಆಸುಪಾಸಿಗಿಂತ ಕೆಳಗಿನ ಚಳಿ ಸಿಗಬೇಕು. ಸಿಗದಿದ್ದರೆ ಮೊಗ್ಗು ಸರಿಯಾಗಿ ಎಚ್ಚರಗೊಳ್ಳದು. ಎಲ್ಬರ್ಟಾದಂಥ ಹಳೇ ತಳಿಗೆ ಸುಮಾರು 800 ಗಂಟೆ ಬೇಕು. 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಬಿಡುಗಡೆಯಾದ ಬಾಬ್‌ಕಾಕ್‌ಗೆ 300 ಗಂಟೆ ಸಾಕು. ಬಿಳಿ ತಿರುಳು, ಹುಳಿ ಕಡಿಮೆ, ನಮ್ಮವರ ಬಾಯಿಗೆ ಹಿಡಿಸುವ ಸಿಹಿ. ಎಲೆ ಮುದುಡು ರೋಗದ ತಲೆನೋವು ಬೇಡ ಅಂದರೆ ಫ್ರಾಸ್ಟ್ ಅನ್ನುವ ತಳಿ ಕೇಳಿ, ಅದು ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಇಂಡಿಯನ್ ಫ್ರೀ ಕೂಡ ತಡೆಯುತ್ತದೆ, ಆದರೆ ಅದಕ್ಕೆ ಪರಾಗ ಕೊಡಲು ಇನ್ನೊಂದು ಪೀಚ್ ಹತ್ತಿರ ಇರಬೇಕು. ಉಳಿದ ಹೆಚ್ಚಿನ ತಳಿಗಳು ಒಂಟಿಯಾಗಿಯೇ ಕಾಯಿ ಕಟ್ಟುತ್ತವೆ.

ನರ್ಸರಿಯ ಚೀಟಿಯಲ್ಲಿ ಸೆಮಿ ಡ್ವಾರ್ಫ್ (ಅರೆ ಗಿಡ್ಡ) ಅಂತ ಇದ್ದರೆ ನೆಮ್ಮದಿಯಾಗಿ ಕೂರಬೇಡಿ. ಕತ್ತರಿಸದಿದ್ದರೆ ಆ ಗಿಡವೂ 12–15 ಅಡಿ ಏರುತ್ತದೆ. ಸೇಬಿನಲ್ಲಿ ಇರುವ ಹಾಗೆ ಮರವನ್ನು ನಿಜಕ್ಕೂ ಗಿಡ್ಡ ಮಾಡುವ, ನಂಬಬಹುದಾದ ಬೇರುಗಿಡ (ರೂಟ್‌ಸ್ಟಾಕ್) ಪೀಚ್‌ನಲ್ಲಿ ಕಡಿಮೆ. ಬೊನಾಂಜಾದಂಥ ಹುಟ್ಟು ಕುಳ್ಳ ತಳಿಗಳಿವೆ, ಐದಾರು ಅಡಿಗೇ ನಿಲ್ಲುತ್ತವೆ, ದೊಡ್ಡ ಕುಂಡದಲ್ಲೂ ಬೆಳೆಯುತ್ತವೆ. ಎಲೆ ಒತ್ತೊತ್ತಾಗಿರುವುದರಿಂದ ಅವಕ್ಕೂ ಒಳಗೆ ಬಿಸಿಲು ಬಿಡಿಸಬೇಕು. ರುಚಿಯಲ್ಲಿ ಅವು ಒಂದು ಕೈ ಕೆಳಗೆ ಅನ್ನುವುದು ನನ್ನ ಅಭಿಪ್ರಾಯ. ನೆಲ ಇದ್ದವರು ಒಳ್ಳೆಯ ರುಚಿಯ ಮಾಮೂಲಿ ತಳಿ ಹಾಕಿ, ಕತ್ತರಿಯಿಂದಲೇ ಗಿಡ್ಡ ಇಡುವುದು ಮೇಲು.

ಜನವರಿಯಲ್ಲಿ ಮಣ್ಣಿಲ್ಲದ ಬರಿ ಬೇರಿನ ಗಿಡಗಳು ಮಾರಾಟಕ್ಕೆ ಬರುತ್ತವೆ, ಆಗ ತನ್ನಿ. ನಿಮ್ಮ ಕಡೆ ಜೇಡಿ ಮಣ್ಣು ಜಾಸ್ತಿ. ನೀರು ನಿಂತರೆ ಪೀಚ್ ಬೇರು ಕೊಳೆಯುತ್ತದೆ. ಒಂದಡಿ ದಿಬ್ಬ ಮಾಡಿ ಅದರ ಮೇಲೆ ನೆಡಿ. ನೆಟ್ಟ ದಿನವೇ ಗಿಡವನ್ನು ಮೊಣಕಾಲ ಎತ್ತರಕ್ಕೆ, ಅಂದರೆ 18–24 ಇಂಚಿಗೆ ಕತ್ತರಿಸಿ. ಇಲ್ಲಿ ಧೈರ್ಯ ಬೇಕು. ದುಡ್ಡು ಕೊಟ್ಟು ತಂದ ಐದಡಿ ಗಿಡದ ಅರ್ಧಕ್ಕಿಂತ ಹೆಚ್ಚು ಕಸದ ಬುಟ್ಟಿಗೆ. ಆದರೆ ಕೊಂಬೆ ಮೊಣಕಾಲ ಹತ್ತಿರ ಒಡೆದರೇ ಮರ ಮುಂದೆ ನಿಮ್ಮ ಕೈಯಳತೆಯಲ್ಲಿರುತ್ತದೆ. ಬರುವ ಚಿಗುರಿನಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುವ ಮೂರು ನಾಲ್ಕನ್ನು ಉಳಿಸಿ, ನಡುವಿನದನ್ನು ತೆಗೆಯಿರಿ. ಮೊದಲ ಬೇಸಿಗೆಯಲ್ಲೇ ಹೊಸ ಬೆಳವಣಿಗೆಯನ್ನು ಅರ್ಧಕ್ಕೆ ಮೊಟಕಿ. ಹೀಗೆ ಬೆಳೆಸಿದ ಮರಕ್ಕೆ ಮುಂದೆ ಗರಗಸದ ಕೆಲಸವೇ ಬೀಳುವುದಿಲ್ಲ.

ಅಕ್ಕನಿಗೆ ಮಾತ್ರ ಬೇಡ ಅನ್ನಿ. ಬೆಂಗಳೂರು ನಗರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಪೀಚ್‌ನ ಚಳಿ ಲೆಕ್ಕ ಶುರುವಾಗುವುದೇ ಅದಕ್ಕಿಂತ ಕೆಳಗೆ. ಕಡಿಮೆ ಚಳಿ ಸಾಕು ಅನ್ನುವ ತಳಿಗಳು ಪಂಜಾಬಿನ ಬಯಲಲ್ಲಿ ಚೆನ್ನಾಗಿ ಬರುತ್ತವೆ, ಆದರೆ ಅಲ್ಲಿನ ಚಳಿಗಾಲ ಬೆಂಗಳೂರಿನದಲ್ಲ. ನಮ್ಮ ನೆರೆಯಲ್ಲಿ ಪೀಚ್ ಬೆಳೆಯುವುದು ಊಟಿ, ಕೋಟಗಿರಿ, ಕೊಡೈಕೆನಾಲ್‌ನಂಥ ಎತ್ತರದಲ್ಲಿ. ಸಕಲೇಶಪುರದ ತೋಟದಲ್ಲೂ ಆಗದು. ಅಕ್ಕನಿಗೆ ಸೀಬೆ ಗಿಡ ಹೇಳಿ. ಸೀಬೆ ಆಯಾ ವರ್ಷದ ಹೊಸ ಚಿಗುರಿನಲ್ಲೇ ಹೂ ಬಿಡುತ್ತದೆ, ಎಷ್ಟು ಕತ್ತರಿಸಿದರೂ ತಡೆದುಕೊಳ್ಳುತ್ತದೆ. ಹಳೇ ಕೊಂಬೆಯಿಂದಲೂ ಚಿಗುರುತ್ತದೆ, ಆ ಅನುಕೂಲ ನಿಮ್ಮ ಪೀಚ್‌ಗೆ ಇಲ್ಲ. ಆರೇಳು ಅಡಿಗೆ ನಿಲ್ಲಿಸಿಕೊಂಡರೆ ಕಾಂಪೌಂಡ್ ಪಕ್ಕದ ಸಣ್ಣ ಜಾಗವೂ ಸಾಕು.